25 ಓದಿದೆ, 50 ಕೊಟ್ಟೆ

ಮಂಗಳೂರಿನ ಕಂಕನಾಡಿ ಕಡೆಯ ಒಂದು ಮೆಡಿಕಲ್‌ನಲ್ಲಿ ನನಗಿದು ಹನ್ನೊಂದನೇ ವರ್ಷ. ಇಷ್ಟು ವರ್ಷದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಮೂರು ಸ್ಟ್ರಿಪ್ ಬಿಪಿ ಮಾತ್ರೆ.

ಜೂನ್ ತಿಂಗಳು, ಸಂಜೆ ಏಳರ ಹೊತ್ತು. ಮಳೆಗೆ ನಿಂತವರು, ಔಷಧಿಗೆ ಬಂದವರು ಎಲ್ಲರೂ ಒಟ್ಟಿಗೆ ಕೌಂಟರಿಗೆ ಒತ್ತಿಕೊಂಡಿದ್ದರು. ಮಾಮೂಲಿ ಬರುವ ಒಬ್ಬರು ಅಮ್ಮ ಚೀಟಿ ಕೊಟ್ಟರು. 25 ಎಂಜಿ, ಮೂವತ್ತು ಮಾತ್ರೆ. ಓದಿ ಕಪಾಟಿನ ಕಡೆ ತಿರುಗಿದೆ. ಅಷ್ಟರಲ್ಲಿ ಫೋನು. ಮನೆಗೆ ಔಷಧಿ ಕಳಿಸಬೇಕು, ನಂಬರ್ ಬರ್ಕೊಳ್ಳಿ ಅಂದರು. ಪೆನ್ನು ಎಲ್ಲಿತ್ತೋ. ನಂಬರನ್ನು ಬಾಯಲ್ಲೇ ಗುನುಗುತ್ತ ಡಬ್ಬಕ್ಕೆ ಕೈ ಹಾಕಿದೆ. ಬಂದದ್ದು 50 ಎಂಜಿ. ಅದೇ ಕಂಪನಿ, ಅದೇ ನೀಲಿ ಪಟ್ಟಿ, ಪಕ್ಕದ ಡಬ್ಬ.

ನಮ್ಮಲ್ಲಿ ಒಬ್ಬರು ತೆಗೆದರೆ ಇನ್ನೊಬ್ಬರು ನೋಡಿಯೇ ಕೊಡಬೇಕು. "25, ಮೂರು ಸ್ಟ್ರಿಪ್" ಅಂತ ಕೂಗಿ ಬಿಲ್ಲಿಗೆ ದಾಟಿಸಿದೆ. ಧಣಿ ಎತ್ತಿ ನೋಡಿದರು, ಹೂಂ ಅಂದರು, ಕವರಿಗೆ ಹಾಕಿದರು.

ಹಿಡಿದದ್ದು ಆ ಅಮ್ಮ. ಚೀಲದಿಂದ ಹಳೆ ಖಾಲಿ ಸ್ಟ್ರಿಪ್ ತೆಗೆದು ಹೊಸದರ ಪಕ್ಕ ಇಟ್ಟರು. "ಇದೆಂತ, ಗುಳಿಗೆ ದೊಡ್ಡದು ಉಂಟಲ್ಲ ಮಾರಾಯ್ರೆ?" ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಧಣಿ ಅಂಗಡಿ ಮುಚ್ಚುವಾಗ ಕೇಳಿದ್ದು ಒಂದೇ ಮಾತು: "ಗಮನ ಎಲ್ಲಿತ್ತು ನಿಂದು?" ಉತ್ತರ ಕೊಟ್ಟದ್ದು ಮನಶ್ಶಾಸ್ತ್ರ ಓದುವ ನನ್ನ ಅಕ್ಕನ ಮಗಳು. "ಫೋನ್ ನಂಬರಲ್ಲೇ ಇತ್ತು ಮಾವ, ಇನ್ನೆಲ್ಲಿಗೂ ಹೋಗಿರಲಿಲ್ಲ."

ಕೈಯಲ್ಲಿರುವ ಕೆಲಸಕ್ಕೆ ಬೇಕಾದ್ದನ್ನು ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದಿಡುವ ಜಾಗಕ್ಕೆ ಅವಳ ಪುಸ್ತಕದಲ್ಲಿ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ನನಗೆ ಅರ್ಥವಾದದ್ದು ನಮ್ಮ ಕೌಂಟರಿನ ಲೆಕ್ಕದಲ್ಲಿ. ಗೋಡೌನ್ ಎಷ್ಟೇ ದೊಡ್ಡದಿರಲಿ, ಗಾಜಿನ ಮೇಲೆ ಇಡಲು ಜಾಗ ಇಷ್ಟೇ. ಒಂದು ಇಟ್ಟರೆ ಇನ್ನೊಂದು ಕೆಳಗೆ ಬೀಳುತ್ತದೆ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಈ ಜಾಗವನ್ನು ಏಳು ಸಂಗತಿ ಅಂದಿದ್ದರು, ಎರಡು ಹೆಚ್ಚು ಅಥವಾ ಎರಡು ಕಡಿಮೆ. 2001ರಲ್ಲಿ ನೆಲ್ಸನ್ ಕೋವನ್ ಅಷ್ಟೂ ಇಲ್ಲ, ನಾಲ್ಕರ ಸುತ್ತಮುತ್ತ ಅಂದರು. ಸಂಜೆ ಏಳಕ್ಕೆ ನನಗೆ ಆ ನಾಲ್ಕೂ ಜಾಸ್ತಿಯೇ. ಹತ್ತು ಅಂಕಿ ಹೇಗೆ ಹಿಡಿಸುತ್ತದೆ ಅಂದರೆ, ನಾವು ಒಂದೊಂದಾಗಿ ಹೇಳುವುದಿಲ್ಲ. ತೊಂಬತ್ತೆಂಟು, ನಲವತ್ತೈದು ಅಂತ ಜೋಡಿ ಮಾಡಿ ಐದೇ ಗಂಟು ಕಟ್ಟುತ್ತೇವೆ. ಐದು ಗಂಟು ಇಟ್ಟ ಮೇಲೆ 25 ಎಂಜಿಗೆ ಜಾಗ ಎಲ್ಲಿ?

ನನ್ನನ್ನು ನಿಜಕ್ಕೂ ಕೂರಿಸಿದ್ದು 1959ರ ಒಂದು ಪ್ರಯೋಗ. ಪೀಟರ್ಸನ್ ದಂಪತಿ ಮಾಡಿದ್ದು. ಮೂರೇ ಮೂರು ಅಕ್ಷರ ಹೇಳುವುದು, ಕೂಡಲೇ ಒಂದು ಸಂಖ್ಯೆ ಕೊಟ್ಟು ಅಲ್ಲಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಿ ಅನ್ನುವುದು. ಮನಸ್ಸಲ್ಲಿ ಅಕ್ಷರ ಗುನುಗಲು ಬಿಡುವೇ ಇಲ್ಲ. 18 ಸೆಕೆಂಡು ಆಗುವಷ್ಟರಲ್ಲಿ ಹೆಚ್ಚಿನವರಿಗೆ ಆ ಮೂರು ಅಕ್ಷರ ಮರೆತೇ ಹೋಗಿತ್ತು. ಓದಿ ನಗು ಬಂತು. ಚೀಟಿ ಓದು, ಫೋನ್ ಎತ್ತು, ಮಾತ್ರೆ ಎಣಿಸು: ಆ ಪ್ರಯೋಗವನ್ನು ನಾವು ದಿನಾ ಸಂಜೆ ಸಂಬಳಕ್ಕೆ ಮಾಡುತ್ತಿದ್ದೇವೆ ಅಲ್ವಾ!

ಸರಿ, ನನ್ನ ತಪ್ಪಿಗೆ ಫೋನ್ ಕಾರಣ. ಧಣಿ ಯಾಕೆ ಹಿಡಿಯಲಿಲ್ಲ? ಅವರ ಕಣ್ಣು ನನಗಿಂತ ಚುರುಕು. ಆದರೆ ನಾನು ಮೊದಲೇ 25 ಅಂದುಬಿಟ್ಟಿದ್ದೆ. 25 ಇರುತ್ತದೆ ಅಂತ ನೋಡಿದವರಿಗೆ 25 ಕಾಣಿಸಿತು. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಜನರಿಗೆ 2, 4, 6 ಕೊಟ್ಟು ಇದರ ನಿಯಮ ಹುಡುಕಿ ಅಂದಿದ್ದರು. ಎರಡೆರಡು ಏರುತ್ತದೆ ಅಂದುಕೊಂಡವರು 8, 10, 12 ಅಂಥದ್ದನ್ನೇ ಹೇಳಿ ನೋಡಿದರು. ನಿಯಮ ಸುಮ್ನೆ ಏರುತ್ತ ಹೋಗುವ ಯಾವುದೇ ಮೂರು ಸಂಖ್ಯೆ. ತಮ್ಮ ಊಹೆ ಸುಳ್ಳಾಗುವಂಥದ್ದನ್ನು ಕೇಳಿ ನೋಡಿದವರು ಕಡಿಮೆ. ನಮ್ಮ ಎರಡನೇ ಚೆಕ್ಕಿಂಗ್ ಇಷ್ಟೂ ವರ್ಷ ಹೀಗೇ ನಡೆದಿತ್ತು. ನಾನು ಹೇಳುವುದು, ಅವರು ತಲೆಯಾಡಿಸುವುದು.

ಈಗ ಉಲ್ಟಾ ಮಾಡಿದ್ದೇವೆ. ನಾನು ಬಾಯಿ ಬಿಡುವುದಿಲ್ಲ. ಧಣಿ ಸ್ಟ್ರಿಪ್ ನೋಡಿ ಹೆಸರು, ಎಂಜಿ ಗಟ್ಟಿಯಾಗಿ ಓದುತ್ತಾರೆ, ನಾನು ಚೀಟಿ ನೋಡುತ್ತೇನೆ. 25 ಮತ್ತು 50 ಬೇರೆ ಬೇರೆ ಅರೆಗೆ ಹೋದವು. ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡುವಾಗ ಹೆಸರು, ಎಂಜಿ ಇರುವ ತುದಿ ಗಿರಾಕಿಗೆ ಹೋಗಬೇಕು, ಅಂಗಡಿಯಲ್ಲಿ ಉಳಿಯಬಾರದು ಅಂತ ಹೊಸ ಹುಡುಗನಿಗೂ ಹೇಳಿದ್ದೇನೆ. ಅವನು ತಪ್ಪು ಮಾಡಿದರೆ ಮೊದಲು ಕೇಳುವುದು "ಮಧ್ಯೆ ಯಾರು ಕರೆದರು?" ಅಂತ. ಗಮನ ಎಲ್ಲಿತ್ತು ಅಂತ ಕೇಳಿದರೆ ಅವನಾದರೂ ಎಂತ ಹೇಳಿಯಾನು?

ಮಾಮೂಲಿ ಗಿರಾಕಿಗಳಿಗೆ ಖಾಲಿ ಸ್ಟ್ರಿಪ್ ತನ್ನಿ ಅನ್ನುತ್ತೇವೆ. ಔಷಧಿ ಹೆಸರು ಹೇಳಿ ಅಂದರೆ "ಆ ಸಣ್ಣ ಬಿಳಿದು" ಅನ್ನುವವರು, ಎದುರಿಗಿಟ್ಟರೆ ತಟ್ಟನೆ ಗುರುತು ಹಿಡಿಯುತ್ತಾರೆ. ನೆನಪಿಸಿಕೊಂಡು ಹೇಳುವುದಕ್ಕಿಂತ ನೋಡಿ ಗುರುತಿಸುವುದು ತಲೆಗೆ ಸುಲಭ. ಆ ಅಮ್ಮ ಮಾಡಿದ್ದು ಅದೇ.

ಕಷ್ಟ ಒಂದು ನಿಯಮದ್ದು: ಮಧ್ಯೆ ಯಾರಾದರೂ ಮಾತಾಡಿಸಿದರೆ ಚೀಟಿಯ ಮೊದಲ ಸಾಲಿನಿಂದ ಮತ್ತೆ ಶುರು. ನಿನ್ನೆ ಸಂಜೆ ಒಂದೇ ಚೀಟಿಗೆ ಮೂರು ಸಲ ಎಣಿಸಿದೆ. ಮೂರನೇ ಸಲಕ್ಕೆ ಹಿಂದಿನಿಂದ ಒಬ್ಬರು "ಬೇಗ ಕೊರ್ಲೆ (ಕೊಡಿ) ಮಾರಾಯ್ರೆ" ಅಂದರು.

ನಾಲ್ಕನೇ ಸಲ ಎಣಿಸಿದೆ.