ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ನೀಲಿ

2024ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ಯಾರು ಸಿಕ್ಕರೂ ನೀರಿನದ್ದೇ ಮಾತು. ಬೋರ್‌ವೆಲ್‌ಗಳು ಕೈಕೊಟ್ಟಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಬಂದದ್ದೂ ಆಗಲೇ. ಅಂಥ ಹೊತ್ತಲ್ಲಿ ನಮಗೆ ಬಿಲ್ ಬಂತು, 41 ಸಾವಿರ ಲೀಟರಿಗೆ!

ಮನೆಯಲ್ಲಿ ಇರುವವರು ನಾಲ್ಕೇ ಜನ. ಮಾಮೂಲಾಗಿ 18 ಸಾವಿರದ ಆಸುಪಾಸು ಆಗುತ್ತಿತ್ತು. ಆಗಿನ ದರದಲ್ಲಿ ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಲ್ಲಿಂದ 25 ಸಾವಿರದವರೆಗೆ 11. ಅದನ್ನು ದಾಟಿದರೆ ಒಂದೇ ಏಟಿಗೆ 26. ಹಾಗಾಗಿ ನೀರು ಎರಡು ಪಟ್ಟು ಚಿಲ್ಲರೆ ಆದರೆ ದುಡ್ಡು ನಾಲ್ಕು ಪಟ್ಟು. 166 ಇದ್ದದ್ದು 659 ಆಗಿತ್ತು. ಒಳಚರಂಡಿ ಶುಲ್ಕ ಬೇರೆ. "ಐನೂರು ರೂಪಾಯಿಗೆ ಇಷ್ಟು ರಂಪಾನಾ?" ಅಂದರು ನನ್ನವರು. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರು ಇವರೇ.

ನನ್ನ ವಾದ ರೆಡಿ ಇತ್ತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಬರುವ ಮುಂಚೆ ಪೈಪಿನಲ್ಲಿ ಬುಸ್ ಅಂತ ಗಾಳಿ ನುಗ್ಗುತ್ತದೆ. ಆ ಗಾಳಿಗೂ ಮೀಟರು ತಿರುಗುತ್ತದೆ. ಗಾಳಿಗೆಲ್ಲಾ ನಾವ್ಯಾಕೆ ದುಡ್ಡು ಕೊಡಬೇಕು? ಆರು ತಿಂಗಳ ಬಿಲ್ ಜೋಡಿಸಿಕೊಂಡು ನೀರಿನ ಆಫೀಸಿಗೆ ಹೋದೆ.

ಕೌಂಟರಿನಲ್ಲಿದ್ದವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: "ಮೇಡಂ, ದಿನಕ್ಕೆ ಎಷ್ಟು ಸಲ ಮೋಟರ್ ಹಾಕ್ತೀರಾ?"

ನನ್ನ ಬಾಯಿ ಕಟ್ಟಿಹೋಯಿತು. ಮೊದಲು ದಿನಕ್ಕೊಂದು ಸಲ. ಜನವರಿ ಕೊನೆಯಿಂದ ಎರಡು ಸಲ. ಮೋಟರ್ ಹಳೆಯದಾಯ್ತು, ನೀರು ಎತ್ತುತ್ತಿಲ್ಲ ಅಂದುಕೊಂಡಿದ್ದೆವು. ಸಂಪು ಬೇಗ ಖಾಲಿ ಆಗುತ್ತಿದೆ ಅಂತ ವಾಲ್ವ್ ತಿರುಗಿಸುವ ಹುಡುಗನ ಮೇಲೆ ಬೇರೆ ರೇಗಿದ್ದೆ, ಪಾಪ. ಮೀಟರಿಗೆ ಗಾಳಿ ಹೊಡೆದರೆ ಬಿಲ್ ಏರಬಹುದು, ಸಂಪು ಯಾಕೆ ಖಾಲಿ ಆಗಬೇಕು?

ಅವರು ಹೇಳಿಕೊಟ್ಟ ಹಾಗೆ ಅವತ್ತು ರಾತ್ರಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಕೋಲು ಇಳಿಸಿ ಗುರುತು ಹಾಕಿದೆ. ಬೆಳಗಿನವರೆಗೆ ಯಾರೂ ನಲ್ಲಿ ಮುಟ್ಟಬಾರದು ಅಂತ ಕಟ್ಟಪ್ಪಣೆ. ಅತ್ತೆ ಮಾತ್ರ ಚೊಂಬಿನಲ್ಲಿ ನೀರು ತುಂಬಿಟ್ಟುಕೊಂಡೇ ಮಲಗಿದರು. ಬೆಳಗ್ಗೆ ಐದಕ್ಕೆ ನೋಡಿದರೆ ನೀರು ಒಂದು ಗೇಣಿಗಿಂತ ಜಾಸ್ತಿ ಇಳಿದಿತ್ತು. ಅಂದರೆ ಸೋರಿಕೆ ಸಂಪಿನ ಆಚೆ ಅಲ್ಲ, ಮನೆಯೊಳಗೇ.

ನಲ್ಲಿಗಳೆಲ್ಲಾ ಒಣಗಿದ್ದವು. ಗೋಡೆಯಲ್ಲಿ ತೇವ ಇಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಪ್ರತಿ ಫ್ಲಶ್ ಟ್ಯಾಂಕಿಗೂ ನಾಲ್ಕು ಹನಿ ಬಿಡು, ಫ್ಲಶ್ ಮಾಡದೆ ಹತ್ತು ನಿಮಿಷ ಬಿಟ್ಟು ನೋಡು, ಕಮೋಡಿಗೆ ನೀಲಿ ಇಳಿದಿದ್ದರೆ ಆ ಟ್ಯಾಂಕೇ ಸೋರುತ್ತಿದೆ ಅಂತ ಎದುರು ಮನೆಯವರು ಹೇಳಿದರು. ಕೆಳಗಿನ ಎರಡರಲ್ಲೂ ಏನಿಲ್ಲ. ಮೇಲಿನ ರೂಮು ಮಗನದ್ದು. ಅವನು ಪುಣೆಗೆ ಹೋದ ಮೇಲೆ ಅಲ್ಲಿಗೆ ಯಾರೂ ಹೋಗುವುದೇ ಇಲ್ಲ. ಆ ಕಮೋಡಿನಲ್ಲಿ ನೀಲಿಯೋ ನೀಲಿ!

ಸದ್ದೇ ಇಲ್ಲ. ಕಮೋಡಿನ ಒಳಗೋಡೆಗೆ ಅಂಟಿಕೊಂಡು ಎಳೆಯಷ್ಟು ನೀರು, ಹಗಲೂ ರಾತ್ರಿ. ಲೆಕ್ಕ ಹಾಕಿದೆ. ದಿನಕ್ಕೆ 700 ಲೀಟರಿಗೂ ಮೇಲೆ. ತಿಂಗಳಿಗೆ 12 ಸಾವಿರ ಲೀಟರಿನ ಟ್ಯಾಂಕರ್ ಎರಡು, ಹತ್ತಿರ ಹತ್ತಿರ. ಪಕ್ಕದ ಬೀದಿಯವರು ಟ್ಯಾಂಕರಿಗೆ ಕಾಯುತ್ತಿದ್ದರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ದಾರಿಯಲ್ಲಿ ಪಂಪ್ ಮೇಲೆ ಪಂಪ್ ಮಾಡಿ ತಂದ ಕಾವೇರಿಯನ್ನು ನಾವು ಖಾಲಿ ರೂಮಿನ ಕಮೋಡಿಗೆ ಬಿಡುತ್ತಿದ್ದೆವು. ಇದನ್ನು ಯಾರಿಗೂ ಹೇಳಬೇಡ ಅಂದರು ನನ್ನವರು. ಹೇಳಿಬಿಟ್ಟೆ ನೋಡಿ.

ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿತ್ತು, ಅಷ್ಟೇ. ಪ್ಲಂಬರ್ ಹತ್ತು ನಿಮಿಷದಲ್ಲಿ ಬದಲಾಯಿಸಿದ. ಬಿಲ್ ಪೂರ್ತಿ ಕಟ್ಟಿದೆ, ವಾದ ಮಾಡಲಿಲ್ಲ. ಏಪ್ರಿಲ್‌ನಲ್ಲಿ 17 ಸಾವಿರ ಬಂತು. ಈಗ ಪ್ರತಿ ಭಾನುವಾರ ಮೀಟರಿನ ಕಪ್ಪು ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತೇನೆ.

ಮೇಲಿನ ಬಾತ್‌ರೂಮಿನ ವಾಲ್ವನ್ನೇ ಬಂದ್ ಮಾಡಿದ್ದೆವು. ಮಗ ದೀಪಾವಳಿಗೆ ಬಂದವನು ಬೆಳಗ್ಗೆ ಮೇಲಿಂದ ಕೂಗಿದ: "ಅಮ್ಮಾ, ಫ್ಲಶ್‌ನಲ್ಲಿ ನೀರೇ ಬರ್ತಿಲ್ಲ!"