ಅರ್ಧಕ್ಕೆ ಬಿಟ್ಟ ಲೆಕ್ಕ

2011ರ ಜೂನ್. ಶಾಲೆ ಶುರುವಾಗಿ ನಾಲ್ಕು ದಿನ ಆಗಿತ್ತು. ಜೋರು ಮಳೆ. ಸಂಜೆ ಹೊತ್ತಿಗೆ ಹೈಸ್ಕೂಲಿನ ಟೀಚರೊಬ್ಬರು ಕೊಡೆ ಹಿಡಿದುಕೊಂಡು ಗುಡ್ಡೆ ಇಳಿದು ನಮ್ಮ ಮನೆಗೆ ಬಂದರು. ಸೀರೆಯ ಅಂಚೆಲ್ಲ ಕೆಸರು. ಅಮ್ಮ ಕಾಲಿಗೆ ನೀರು ಕೊಟ್ಟಳು, ಕುಡಿಯಲು ಬೆಲ್ಲ ನೀರು ಕೊಟ್ಟಳು. ಟೀಚರ್ ಚಾವಡಿಯಲ್ಲಿ ಕೂತವರೇ ಅಜ್ಜನ ಹತ್ತಿರ ನೇರ ವಿಷಯಕ್ಕೆ ಬಂದರು.

"ಮಾಷ್ಟ್ರೇ, ನಿಮ್ಮ ಪುಳ್ಳಿಯನ್ನು ನಾಳೆಯೇ ಶಾಲೆಗೆ ಸೇರಿಸಿ. ನಾಡಿದ್ದು ಆರನೇ ದಿನ. ತಲೆ ಎಣಿಸ್ತಾರೆ."

ಕೇರಳದ ಶಾಲೆಗಳ ಒಡನಾಟ ಇದ್ದವರಿಗೆ ಈ ಆರನೇ ದಿನ ಎಂದರೆ ಏನೆಂದು ಗೊತ್ತಿರುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಎನ್ನುವುದರ ಮೇಲೆ ಆ ವರ್ಷ ಒಂದು ಕ್ಲಾಸಿಗೆ ಎಷ್ಟು ಡಿವಿಷನ್, ಅಂದರೆ ಎಷ್ಟು ವಿಭಾಗ ಎಂದು ತೀರ್ಮಾನ ಆಗುತ್ತದೆ. ಡಿವಿಷನ್ ಇದ್ದರೆ ಟೀಚರ ಹುದ್ದೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆಯ ಕನ್ನಡ ಮೀಡಿಯಂನಲ್ಲಿ ಒಂದೊಂದು ತಲೆಗೂ ಬೆಲೆ. ಎಂಟನೇ ಕ್ಲಾಸಿಗೆ ಮಕ್ಕಳು ಸಾಲುತ್ತಿರಲಿಲ್ಲ. ಗುಡ್ಡೆಯ ಕೆಳಗಿನ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ ಒಬ್ಬಳು ಶಾಲೆಗೇ ಹೋಗದೆ ಕೂತಿದ್ದಾಳೆ ಎಂದು ಟೀಚರಿಗೆ ಯಾರೋ ಹೇಳಿದ್ದರು.

ಆ ಹುಡುಗಿ ನಾನು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬಾಯಾರಿನಿಂದ ಒಳಗೆ. ಆಚೆ ಬದಿಯ ಗುಡ್ಡೆ ದಾಟಿದರೆ ಕರ್ನಾಟಕ. ನನಗೆ ಸಣ್ಣದರಲ್ಲಿ ಉಬ್ಬಸ ಇತ್ತು. ಒಂದನೇ ಕ್ಲಾಸಿಗೆ ಸೇರಬೇಕಾದ ವರ್ಷ ಮಳೆಗಾಲದಲ್ಲೇ ಎರಡು ಸಲ ಆಸ್ಪತ್ರೆಯಲ್ಲಿ ಮಲಗಿದ್ದೆ. ಈ ವರ್ಷ ಬೇಡ, ಬರುವ ವರ್ಷ ನೋಡುವ ಎಂದು ಅಪ್ಪ ಅಮ್ಮ ಮುಂದೆ ಹಾಕಿದರು. ಬರುವ ವರ್ಷವೂ ಹಾಗೇ ಆಯಿತು. ಅಜ್ಜ ನಿವೃತ್ತ ಮಾಷ್ಟ್ರು. "ಆನು ಹೇಳಿಕೊಡ್ತೆ" ಎಂದರು. ಹಾಗೆ ಏಳು ವರ್ಷ ಚಾವಡಿಯೇ ನನ್ನ ಶಾಲೆ ಆಯಿತು.

ಅಜ್ಜನ ಪಾಠಕ್ಕೆ ಗಂಟೆ ಇರಲಿಲ್ಲ. ಪುಸ್ತಕ ಪುತ್ತೂರಿನಿಂದ ಬರುತ್ತಿತ್ತು, ಕರ್ನಾಟಕದ ಸಿಲೆಬಸ್‌ನದ್ದು. ಆದರೆ ಪುಸ್ತಕಕ್ಕಿಂತ ಜಾಸ್ತಿ ಪಾಠ ಆದದ್ದು ತೋಟದಲ್ಲಿ. ಶೇಕಡಾ ಲೆಕ್ಕ ನನಗೆ ಹತ್ತಿದ್ದು ಅಡಿಕೆಗೆ ಮದ್ದು ಬಿಡುವ ದಿನ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ಒಂದು ಶೇಕಡಾ ಬೋರ್ಡೋ ದ್ರಾವಣ. "ಹಾಂಗಾರೆ ಎರಡು ಡ್ರಮ್ಮಿಂಗೆ ಎಷ್ಟು? ಮುಕ್ಕಾಲು ಡ್ರಮ್ಮಿಂಗೆ ಎಷ್ಟು?" ಅಜ್ಜ ಕೇಳುತ್ತಿದ್ದರು, ನಾನು ಕಲಸುವ ಕೋಲು ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದೆ.

ಇನ್ನೊಂದು ಸಲ ನಮ್ಮ ಸುರಂಗದ ನೀರಿನ ಲೆಕ್ಕ. ಬಾಯಾರು ಕಡೆಯವರಿಗೆ ಸುರಂಗ ಎಂದರೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ನೀರಿನ ದಾರಿ. ಅಜ್ಜ ನನ್ನ ಕೈಯಲ್ಲಿ ಒಂದು ಬಾಲ್ದಿ ಕೊಟ್ಟು ಸುರಂಗದ ಬಾಯಿಯಲ್ಲಿ ಕೂರಿಸಿದರು. ಹತ್ತು ಲೀಟರಿನ ಬಾಲ್ದಿ ತುಂಬಲು ಎರಡು ನಿಮಿಷ. ಗಂಟೆಗೆ 300 ಲೀಟರ್. ದಿನಕ್ಕೆ 7200. ಅಷ್ಟಕ್ಕೇ ಮುಗಿಯಲಿಲ್ಲ. ಮಾರನೆ ದಿನ ಮತ್ತೆ ಅಳೆದೆವು, ಟಾಂಕಿಯ ಉದ್ದ ಅಗಲ ಆಳ ತೆಗೆದು ಅದು ತುಂಬಲು ಎಷ್ಟು ಹೊತ್ತು ಬೇಕು ಎಂದು ಇನ್ನೊಂದು ಬದಿಯಿಂದ ತಾಳೆ ನೋಡಿದೆವು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಲೆಕ್ಕ ಮುಗಿದ ಹಾಗೆ. ಅದು ಅಜ್ಜನ ನಿಯಮ. ಈ ಒಂದು ಲೆಕ್ಕಕ್ಕೆ ಮೂರು ದಿನ ಹೋಯಿತು. ಹೋಗಲಿ, ಅವಸರ ಯಾರಿಗಿತ್ತು?

"ಮುಗುದತ್ತೋ?" ಎಂದು ಅಜ್ಜ ಕೇಳಬೇಕು, "ಮುಗುದತ್ತು" ಎಂದು ನಾನು ಹೇಳಬೇಕು. ಆಮೇಲೆಯೇ ಪುಸ್ತಕ ಮುಚ್ಚುವುದು.

ಟೀಚರ್ ಬಂದ ದಿನ ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ. ಕಣ್ಣಿಗೆ ಪೊರೆ ಬಂದು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ ಅವರಿಗೆ. ಬೀಜಗಣಿತಕ್ಕೆ ಬಂದ ಮೇಲೆ ಪುಸ್ತಕವನ್ನು ಬೆಳಕಿಗೆ ಹಿಡಿದು ಹಿಡಿದು ಓದುತ್ತಿದ್ದರು. ನನ್ನ ಉಬ್ಬಸವೂ ಎರಡು ವರ್ಷದಿಂದ ಕಡಿಮೆ ಇತ್ತು. ಕೊನೆಗೆ, "ಇನ್ನು ನೀನು ಶಾಲೆಗೆ ಹೋಯೆಕ್ಕು" ಎಂದರು. ಟಿಸಿ ಇಲ್ಲದ ಮಗುವನ್ನು ಸೇರಿಸುತ್ತಾರಾ ಎಂದು ಅಪ್ಪನಿಗೆ ಸಂಶಯ. ಅದಕ್ಕೆ ತೊಂದರೆ ಇಲ್ಲ ಎಂದರು ಟೀಚರ್. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತ್ತು. ಶಾಲೆಗೇ ಸೇರದ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕು ಎಂದು ಅದರಲ್ಲೇ ಇದೆ. ಮಾರನೆ ದಿನವೇ ಅಪ್ಪ ನನ್ನನ್ನು ಕರೆದುಕೊಂಡು ಹೋದರು.

ಮೊದಲ ದಿನದಲ್ಲಿ ನನಗೆ ಇವತ್ತಿಗೂ ನೆನಪಿರುವುದು ಸದ್ದು. ಹಂಚಿನ ಮಾಡಿಗೆ ಮಳೆಯ ಸದ್ದು, ಅದರ ಮೇಲೆ ನಾಲ್ಕು ಭಾಷೆಯ ಸದ್ದು. ಒಂದು ಬೆಂಚಿನಲ್ಲಿ ತುಳು, ಇನ್ನೊಂದರಲ್ಲಿ ಮಲಯಾಳ, ಹಿಂದೆ ಬ್ಯಾರಿ, ಕಿಟಕಿ ಹತ್ತಿರ ಮರಾಠಿ. ಟೀಚರ್ ಬಂದ ಕೂಡಲೇ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತಾಡುವ ಮನೆಯಿಂದ ಬಂದವಳು ನಾನು. ಮಧ್ಯಾಹ್ನದೊಳಗೆ ತಲೆನೋವು ಬಂತು. ನೀರು ಕುಡಿಯಲು ಎದ್ದು ಹೊರಗೆ ನಡೆದಾಗ ಎಲ್ಲರೂ ಯಾಕೆ ನನ್ನನ್ನೇ ನೋಡುತ್ತಿದ್ದಾರೆ ಎಂದು ಅರ್ಥ ಆಗಲಿಲ್ಲ. ಕೇಳಿ ಹೋಗಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಪೀರಿಯಡ್ ಗಣಿತ. ಬೋರ್ಡಿನಲ್ಲಿ ಒಂದು ಲೆಕ್ಕ ಹಾಕಿದರು. ನನಗೆ ಖುಷಿ ಆಯಿತು, ಗೊತ್ತಿದ್ದದ್ದೇ. ಒಂದು ದಾರಿಯಲ್ಲಿ ಮಾಡಿದೆ. ಇನ್ನೊಂದು ದಾರಿ ಹಿಡಿದು ಅರ್ಧಕ್ಕೆ ಬಂದಿದ್ದೆ, ಬೆಲ್ ಆಯಿತು. ಪಟಪಟ ಎಂದು ನಲವತ್ತು ಪುಸ್ತಕ ಮುಚ್ಚಿದ ಸದ್ದು. ಸಾರ್ ಚಾಕ್ ಇಟ್ಟು ಹೊರಟೇ ಬಿಟ್ಟರು. ಯಾರೂ "ಮುಗಿಯಿತಾ?" ಎಂದು ಕೇಳಲಿಲ್ಲ. ನಾನು ಬರೆಯುತ್ತಲೇ ಇದ್ದೆ. ಹಿಂದಿ ಟೀಚರ್ ಬಂದು ಹಾಜರಿ ಕರೆದು ಪಾಠ ಶುರು ಮಾಡಿದರೂ ಬರೆಯುತ್ತಿದ್ದೆ.

"ನೀನು ಓದು" ಎಂದು ಅವರು ನನ್ನನ್ನು ಎಬ್ಬಿಸಿದರು.

ಹಿಂದಿ ನಾನು ಕಲಿತೇ ಇರಲಿಲ್ಲ. ಇಲ್ಲಿಯ ಮಕ್ಕಳು ಐದನೇ ಕ್ಲಾಸಿನಿಂದ ಕಲಿತಿದ್ದರು. ಅಜ್ಜ ಸಂಸ್ಕೃತ ಶ್ಲೋಕ ಹೇಳಿಕೊಟ್ಟಿದ್ದರು, ಆದರೆ ಕನ್ನಡ ಅಕ್ಷರದಲ್ಲಿ. ನಾನು ಎದ್ದು ನಿಂತು, ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದೆ: "ನನಗೆ ಗೊತ್ತಿಲ್ಲ ಟೀಚರ್. ಅಕ್ಷರದಿಂದ ಹೇಳಿಕೊಡಿ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಟೀಚರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿರಬೇಕು, ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿದರು. ನಿಂತುಕೊಂಡು ನಾನು ಯೋಚಿಸುತ್ತಿದ್ದೆ, ಎಲ್ಲಿ ತಪ್ಪಾಯಿತು? ಮನೆಯಲ್ಲಿ "ಗೊಂತಿಲ್ಲೆ ಅಜ್ಜ" ಎಂದರೆ ಅಲ್ಲಿಂದಲೇ ಪಾಠ ಶುರು ಆಗುತ್ತಿತ್ತು. ಇಲ್ಲಿ ಗೊತ್ತಿಲ್ಲದವರು ತಲೆ ತಗ್ಗಿಸಿ ಸುಮ್ನೆ ನಿಲ್ಲುತ್ತಾರೆ. ನಲವತ್ತು ಜನರ ನಡುವೆ ಆ ಮಾತು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೆ ನನಗೂ ಹೇಳಲು ಆಗುತ್ತಿರಲಿಲ್ಲ. ಶಾಲೆಗೆ ಹೋಗಿ ನಾನು ಕಳೆದುಕೊಂಡದ್ದು ಏನಾದರೂ ಇದ್ದರೆ ಅದೊಂದೇ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಿಂದಿ ಅಕ್ಷರ ಹೇಳಿಕೊಟ್ಟವಳು ನನ್ನ ಬೆಂಚಿನ ಹುಡುಗಿ. ಅವಳ ಮನೆ ಮಾತು ತುಳು. ಆ ದಿನ ಬೆಲ್ ಆದಾಗ ನನ್ನ ಕೈ ಹಿಡಿದು ಎಳೆದಳು. "ಬೆಲ್ ಆಂಡ್, ಬಲ!" ಊಟದ ಸಾಲಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿದಳು. ಎಂಟನೇ ಕ್ಲಾಸಿನವರೆಗೆ ಶಾಲೆಯಲ್ಲೇ ಊಟ. ಮನೆಯ ಹೊರಗೆ, ಗೊತ್ತಿಲ್ಲದವರ ಜೊತೆ ಸಾಲಲ್ಲಿ ಕೂತು ಉಂಡದ್ದು ಮದುವೆ, ಪೂಜೆಯಂಥ ಜಂಬ್ರದ ಮನೆಗಳಲ್ಲಿ ಬಿಟ್ಟರೆ ಅದೇ ಮೊದಲು. ಬಿಸಿ ಅನ್ನ, ಹೆಸರುಕಾಳಿನ ಪದಾರ್ಥ. ಊಟ ಆದ ಮೇಲೆ ಅವಳು ಜಗಲಿಯ ಹಸಿ ನೆಲದ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸಿದಳು. ಬರೆದದ್ದು ಒಣಗುವುದರೊಳಗೆ ನಾನು ಅದೇ ಅಕ್ಷರ ಪಕ್ಕದಲ್ಲಿ ಬರೆಯಬೇಕು. ದಿನಕ್ಕೆ ಐದು ಅಕ್ಷರ. ಜುಲೈ ಮುಗಿಯುವಾಗ ನಾನು ಹಿಂದಿ ಕೂಡಿಸಿ ಓದುತ್ತಿದ್ದೆ.

ಆರನೇ ದಿನ ನಮ್ಮನ್ನೆಲ್ಲ ಎಣಿಸಿದರು. ನಾನು ಕೊನೆಗೆ ಸೇರಿದವಳು, ನನ್ನದು ಕೊನೆಯ ನಂಬರ್. ಡಿವಿಷನ್ ಉಳಿಯಿತು. ಮನೆಗೆ ಬಂದಿದ್ದ ಟೀಚರ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕರು. ಆ ನಗುವಿನಿಂದ ನನಗೆ ಸ್ವಲ್ಪ ಧೈರ್ಯ ಬಂತು.

ಆದರೆ ಬೆಲ್ ಮಾತ್ರ ನನಗೆ ಒಗ್ಗಲಿಲ್ಲ. ದಿನಕ್ಕೆ ಏಳು ಸಲ ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಆಗುತ್ತಿತ್ತು. ಚರಿತ್ರೆಯಲ್ಲಿ ಯಾರೋ ಯುದ್ಧಕ್ಕೆ ಹೊರಟಿರುತ್ತಾರೆ, ಬೆಲ್. ವಿಜ್ಞಾನದಲ್ಲಿ ಪ್ರನಾಳದ ಬಣ್ಣ ಬದಲಾಗುತ್ತಿರುತ್ತದೆ, ಬೆಲ್. ಸಂಜೆ ಮನೆಗೆ ಬಂದರೆ ತಲೆಯಲ್ಲಿ ಏಳು ಅರ್ಧ. ಬಂದವಳೇ ಚಾಪೆ ಹಾಸಿ ಮಲಗುತ್ತಿದ್ದೆ.

ಓಣಂ ಪರೀಕ್ಷೆ ಬಂತು. ಗಣಿತದ ದಿನ. ಇಲ್ಲಿಯ ಪರೀಕ್ಷೆಯಲ್ಲಿ ಮೊದಲ ಹದಿನೈದು ನಿಮಿಷ ಕೂಲ್ ಆಫ್ ಟೈಮ್. ಪ್ರಶ್ನೆ ಓದಿ ಯೋಚಿಸಬೇಕು, ಬರೆಯಬಾರದು. ಈ ಕ್ರಮ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಎಲ್ಲ ಓದಿದೆ. ಎಲ್ಲವೂ ಬರುತ್ತಿತ್ತು. ಬೆಲ್ ಆದ ಕೂಡಲೇ ಮೊದಲನೆಯದ್ದು ಬರೆದೆ, ಇನ್ನೊಂದು ದಾರಿಯಲ್ಲಿ ತಾಳೆ ನೋಡಿದೆ. ಎರಡನೆಯದ್ದೂ ಹಾಗೆಯೇ. ನಾಲ್ಕನೆಯದ್ದು ತ್ರಿಕೋನದ ಲೆಕ್ಕ. ಒಂದು ದಾರಿಯಲ್ಲಿ ಬಂದ ಉತ್ತರ ಇನ್ನೊಂದರಲ್ಲಿ ಬರಲಿಲ್ಲ. ಎಲ್ಲೋ ತಪ್ಪಿದೆ. ಹುಡುಕಿದೆ. ಅಳಿಸಿದೆ, ಮತ್ತೆ ಬರೆದೆ. ಪಕ್ಕದ ಹುಡುಗಿ ಅಡಿಷನಲ್ ಶೀಟ್ ಕೇಳಿದ್ದು ಕೇಳಿಸಿತು. ತಪ್ಪು ಸಿಕ್ಕಿತು, ಒಂದು ಕಡೆ ಕೂಡಿಸುವ ಬದಲು ಕಳೆದಿದ್ದೆ. ಸರಿ ಮಾಡಿ ಐದನೆಯದ್ದಕ್ಕೆ ನಂಬರ್ ಹಾಕುವಾಗ ಕೊನೆಯ ಬೆಲ್. ಟೀಚರ್ ಪೇಪರ್ ಎಳೆದುಕೊಂಡರು. ಎರಡು ಪುಟ ತುಂಬ ಖಾಲಿ.

ಬಸ್ಸಿನಲ್ಲಿ ಅಳಲಿಲ್ಲ. ಮನೆಗೆ ಬಂದು ಅಜ್ಜನ ಮುಂದೆ ಪ್ರಶ್ನೆಪತ್ರಿಕೆ ಇಟ್ಟಾಗ ಅಳು ಬಂತು.

"ನಾಲ್ಕೇ ಬರದ್ದು. ಎಲ್ಲ ಗೊಂತಿತ್ತು ಅಜ್ಜ."

ಅಜ್ಜ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೆಳಗಿಟ್ಟರು. ಮಡಿಚಿದ ಗೆರೆಯನ್ನು ಹೆಬ್ಬೆರಳಿನಿಂದ ನೀವುತ್ತಾ ಕೂತರು. ತಪ್ಪು ತನ್ನದು ಎಂದರು. ಅವರು ಕಲಿಸುತ್ತಿದ್ದ ಶಾಲೆಯಲ್ಲಿ ರೈಲು ಹಳಿಯ ತುಂಡೊಂದನ್ನು ನೇತು ಹಾಕಿದ್ದರಂತೆ, ಅದನ್ನು ಬಡಿದರೆ ಬೆಲ್. ಎಷ್ಟೋ ಸಲ ಅದನ್ನು ಬಡಿದದ್ದು ಅವರೇ. ಹಾಗಾದರೆ ನನಗೆ ಯಾಕೆ ಒಂದು ದಿನವೂ ಗಡಿಯಾರ ನೋಡಿ ಪಾಠ ಮಾಡಲಿಲ್ಲ ಎಂದು ಕೇಳಿದೆ.

"ಮೂವತ್ತು ವರ್ಷ ಅರ್ಧಲ್ಲಿ ಬಿಟ್ಟದೇ ಮಗಳೋ" ಎಂದರು. "ಮಕ್ಕೊಗೆ ಈಗ ಗೊಂತಾತು ಹೇಳುವಾಗ ಬೆಲ್ ಅಕ್ಕು. ನಿನ್ನೊಟ್ಟಿಂಗೆ ಆದರೂ ಮುಗುಶುವೊ ಹೇಳಿ ಇತ್ತು."

ನಾನು ಏನೂ ಹೇಳಲಿಲ್ಲ. ಅಷ್ಟು ವರ್ಷ ಚಾವಡಿಯಲ್ಲಿ ನನಗೆ ಸಿಕ್ಕಿದ್ದು ಏನು ಎಂದು ಆ ಹೊತ್ತು ಮೊದಲ ಸಲ ಗೊತ್ತಾಯಿತು.

ಓಣಂ ರಜೆಯಲ್ಲಿ ಅಜ್ಜ ಅಮ್ಮನ ಹತ್ತಿರ ಒಂದು ಹಿತ್ತಾಳೆ ತಟ್ಟೆ ಕೇಳಿ ತೆಗೆದುಕೊಂಡರು. ಕೈಗಡಿಯಾರವನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಐದು ಲೆಕ್ಕ, ನಲವತ್ತು ನಿಮಿಷ. ತಟ್ಟೆ ಬಡಿದರೆ ಪೆನ್ಸಿಲ್ ಕೆಳಗೆ. ಮೊದಲ ದಿನ ತಟ್ಟೆ ಬಡಿದ ಮೇಲೂ ನಾನು ಬರೆದೆ, ಅವರು ಬಿಡಲಿಲ್ಲ. ಬೆಂಚಿನ ಹುಡುಗಿ ಒಂದು ಉಪಾಯ ಹೇಳಿದ್ದಳು. ಬರುವುದನ್ನು ಮೊದಲು ಬರಿ, ಸಿಕ್ಕಿಬಿದ್ದರೆ ಜಾಗ ಬಿಟ್ಟು ಮುಂದೆ ಹೋಗು. ಜಾಗ ಬಿಡುವುದು ಕೇಳಲು ಸುಲಭ. ಬಿಟ್ಟ ಜಾಗ ಪುಟದ ಮೇಲೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡುವ ಹಾಗೆ ಇರುತ್ತಿತ್ತು. ರಜೆ ಮುಗಿಯುವಾಗ ಅಂತೂ ಅದನ್ನು ದಾಟಿ ಮುಂದೆ ಹೋಗಲು ಕಲಿತೆ.

ಕ್ರಿಸ್ಮಸ್ ಪರೀಕ್ಷೆಯ ಗಣಿತದಲ್ಲಿ ಎಲ್ಲ ಪ್ರಶ್ನೆಗೂ ಕೈ ಹಾಕಿದೆ. ಎರಡು ಕಡೆ ಅರ್ಧ ಬರೆದು ಜಾಗ ಬಿಟ್ಟೆ. ಬೆಲ್ ಆದಾಗ ಪೆನ್ನು ಮುಚ್ಚಿ ನಾನೇ ಪೇಪರ್ ಕೊಟ್ಟೆ. ರಜೆ ಕಳೆದು ತಿದ್ದಿದ ಪೇಪರ್ ಕೈಗೆ ಬಂದಾಗ ಬಿ ಪ್ಲಸ್ ಇತ್ತು. ಅಂಗಳದ ತುಂಬ ಅಡಿಕೆ ಹರವಿತ್ತು, ಅಜ್ಜ ಕೈಯಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತಾ ಜಗಲಿಯಲ್ಲಿ ಕೂತಿದ್ದರು. ಗ್ರೇಡ್ ಹೇಳಿದೆ. ತಲೆ ಆಡಿಸಿದರು. ಕೋಲು ಗೋಡೆಗೆ ಒರಗಿಸಿ, ಕುಳಿತಲ್ಲೇ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಬಿಟ್ಟ ಜಾಗೆ ಯಾವುದು? ತೋರ್ಸು" ಎಂದರು.