ಸೋಮವಾರ ಮಾತ್ರ

ಹೋದ ಕಾರ್ತಿಕದಲ್ಲಿ ತಿಪಟೂರಿನ ನನ್ನ ಪುಟ್ಟ ಕ್ಲಿನಿಕ್ಕಿಗೆ ಒಬ್ಬ ಅಜ್ಜಿ ಬಂದರು. ಬಾಯೆಲ್ಲ ಹುಣ್ಣು, ಮುದ್ದೆ ನುಂಗಲೂ ಆಗ್ತಿಲ್ಲ. 'ಖಾರ ಜಾಸ್ತಿಯಾಗಿರಬೇಕು' ಅಂದಳು ಸೊಸೆ. ಮಾತ್ರೆ ಚೀಲ ಮೇಜಿನ ಮೇಲೆ ಸುರಿಸಿದೆ. ಕೀಲುವಾತದ ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ ನುಂಗಬೇಕಾದ್ದನ್ನ 9 ದಿನದಿಂದ ದಿನಾ ನುಂಗಿದ್ದಾರೆ! ಜೊತೆಗಿದ್ದ ಫೋಲಿಕ್ ಆಮ್ಲದ (ಒಂದು ವಿಟಮಿನ್) ಮಾತ್ರೆಯೂ ಹಾಗೇ ಹಳದಿ, ಪುಟಾಣಿ; ಗುರುತು ಹಿಡಿಯೋದು ಕಷ್ಟ. ಮೆಥೊಟ್ರೆಕ್ಸೇಟ್ ಹೆಚ್ಚಾಗಿ ರಕ್ತಕಣ ಕುಸಿದರೆ ಜೀವಕ್ಕೇ ಕುತ್ತು. ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಿ ಅದಕ್ಕೆ ಪ್ರತಿಮದ್ದಾದ ಫೋಲಿನಿಕ್ ಆಮ್ಲ ಕೊಟ್ಟರು, ಅಜ್ಜಿ ಉಳಿದುಕೊಂಡರು.

ಚೀಟಿ ಬರೆದವನು ನಾನೇ. ಇಂಗ್ಲಿಷಿನಲ್ಲಿ, ನನ್ನ ಕೋಳಿಕಾಲು ಅಕ್ಷರದಲ್ಲಿ 'ವೀಕ್ಲಿ' ಅಂತ. (ಮನೆಯಲ್ಲಿ ಹೆಂಡತಿಗೂ ನನ್ನ ಸಾಮಾನು ಪಟ್ಟಿ ಓದೋಕಾಗಲ್ಲ.) ಈಗ 'ಸೋಮವಾರ ಮಾತ್ರ' ಅಂತ ಕನ್ನಡದಲ್ಲೇ ದಪ್ಪಗೆ ಬರೀತೀನಿ, ಒಂದು ತಿಂಗಳಿಗಾಗುವಷ್ಟೇ ಕೊಡ್ತೀನಿ, ರೋಗಿಗಳ ಬಾಯಲ್ಲೇ ವಾಪಸ್ ಹೇಳಿಸ್ತೀನಿ. ಹೊರಗೆ ಕಾಯೋರು ಗೊಣಗ್ತಾರೆ. ಗೊಣಗಲಿ.